ಗಡಗಡ ಗ್ರೈಂಡರಿನ ಗುಣಗಾನ

ಎರಡು-ಮೂರು ಸಾವಿರಕ್ಕೆ ಸಿಗುವ 6 ಇಂಚಿನ ಬೆಂಚ್ ಗ್ರೈಂಡರನ್ನು ಹೀಗಳೆಯುವವರಿಗೆ ಕಾಸಿನ ಬೆಲೆ ಗೊತ್ತಿಲ್ಲ. ಉಳಿ ಮಸೆಯಲು ಎರಡು ಕಲ್ಲು, ಜೊತೆಗೆ ಬೆಂಚಿನ ಮೇಲೆ ತಾನಾಗಿ ಅಡ್ಡಾಡುವ ಒಂದು ವಾಹನ. ಆ ದುಡ್ಡಿಗೆ ಇಷ್ಟು ಬೇರೆಲ್ಲಿ ಸಿಕ್ಕೀತು? ಸ್ವಿಚ್ ಒತ್ತಿದರೆ ಸಾಕು, ಗೋಡೆಗೆ ನೇತುಹಾಕಿದ ಸ್ಪ್ಯಾನರುಗಳು ತಾಳ ಹಾಕುತ್ತವೆ. ಬೆಂಚಿನ ಮೇಲಿನ ಸ್ಕ್ರೂಗಳು ಅಂಚಿಗೆ ಬಂದು ಒಂದೊಂದಾಗಿ ಕೆಳಗಿಳಿಯುತ್ತವೆ. ಈ ಮನೆಯವರು ಇವತ್ತು ಕೆಲಸಕ್ಕೆ ಕೂತಿದ್ದಾರೆಂದು ಬೀದಿಗೆಲ್ಲ ಡಂಗುರ ಹೊಡೆದಂತಾಯಿತು.

ಈ ನಡುಕ ಪುಕ್ಕಟೆ ಬಂದದ್ದಲ್ಲ, ಅದರ ಹಿಂದೆ ತಯಾರಕರ ಶ್ರದ್ಧೆಯಿದೆ. ಕಲ್ಲಿನ ತೂತು ದೊಡ್ಡದು, ಶಾಫ್ಟ್ ಸಣ್ಣದು, ನಡುವೆ ಸಡಿಲವಾದೊಂದು ಪ್ಲಾಸ್ಟಿಕ್ ಬುಷ್. ಶಾಫ್ಟಿನ ನಟ್ಟನಡುವೆಯೇ ಕೂರಬೇಕೆಂದು ಕಲ್ಲಿಗೆ ಯಾರ ಬಲವಂತವೂ ಇಲ್ಲ. ಎರಡು ಪಕ್ಕಕ್ಕೂ ತಗಡು ಒತ್ತಿ ಮಾಡಿದ ವಾಷರ್. ಅದರ ಮುಖ ಸಪಾಟಾಗಿದ್ದರೆ ಕಲ್ಲು ನೆಟ್ಟಗೆ ತಿರುಗಿಬಿಡುವ ಅಪಾಯವಿತ್ತು, ಅದನ್ನೂ ತಪ್ಪಿಸಿದ್ದಾರೆ. ಇನ್ನು ಮೋಟಾರು, ನಿಮಿಷಕ್ಕೆ ಸುಮಾರು 2,800 ಸುತ್ತು. ಆ ವೇಗದಲ್ಲಿ ಕಲ್ಲಿನ ಅಂಚು ಒಂದು ಕಡೆ ಬರೀ 5 ಗ್ರಾಂ ಹೆಚ್ಚು ತೂಗಿದರೂ 3 ಕಿಲೋ ಭಾರದಷ್ಟು ಎಳೆತ ಹುಟ್ಟಿ, ಸೆಕೆಂಡಿಗೆ ಸುಮಾರು 47 ಸಲ ಸುತ್ತಲೂ ಜಗ್ಗುತ್ತದೆ. 5 ಗ್ರಾಮಿನಿಂದ ಇಷ್ಟು ದುಡಿಸಿಕೊಳ್ಳುವ ಮಿತವ್ಯಯ ದೊಡ್ಡ ಬೆಲೆಯ ಯಂತ್ರಗಳಿಗೆ ಬಾರದು.

ಕುಶಲಕಲೆಗೂ ಇದರ ಕೊಡುಗೆಯಿದೆ. ಉಳಿಯ ಬಾಯಿಗೆ ಅಲೆಅಲೆಯಾದ ಕಸೂತಿ ಬಿಡಿಸಿಕೊಡುತ್ತದೆ. ಕುಣಿಯುವ ಕಲ್ಲಿಗೆ ಉಳಿಯನ್ನು ಒತ್ತಿ ಹಿಡಿದರೆ ತುದಿಗೆ ನೀಲಿ ಬಣ್ಣ ಬೇರೆ. ಬಣ್ಣ ಬಂದ ಮೇಲೆ ಉಕ್ಕಿನ ಹದ ಹೋಗಿರುತ್ತದೆ, ನಿಜ. ಎರಡೂ ಬೇಕೆಂದರೆ ಹೇಗೆ?

ಇಂಥದ್ದನ್ನು ಕೆಡಿಸಲೆಂದೇ ಹೊರಟ ಕಿಡಿಗೇಡಿಗಳಿದ್ದಾರೆ. ಮೊದಲು ಪ್ಲಗ್ ಕಿತ್ತು ಎರಡೂ ಕಲ್ಲು ಬಿಚ್ಚುತ್ತಾರೆ. ಎಡಗಡೆಯ ನಟ್ಟಿಗೆ ಉಲ್ಟಾ ತಿರುಪು. ತಿಳಿಯದವರು ಬಿಚ್ಚಲು ಹೋಗಿ ಇನ್ನಷ್ಟು ಬಿಗಿಯುತ್ತಾರೆ, ಯಂತ್ರದ ಆತ್ಮರಕ್ಷಣೆ ಅಲ್ಲಿಗೆ ಮುಗಿಯಿತು. ಆಮೇಲೆ ಬರಿ ಮೋಟಾರನ್ನು ಓಡಿಸಿ ನೋಡುತ್ತಾರೆ. ಅದು ಸದ್ದಿಲ್ಲದೆ ತಿರುಗಿದರೆ ಬೇರಿಂಗು, ಶಾಫ್ಟು ನಿರ್ದೋಷಿ, ಗುಮಾನಿಯೆಲ್ಲ ಕಲ್ಲು-ವಾಷರುಗಳ ಮೇಲೆ. ಕಲ್ಲನ್ನು ನೇತುಹಿಡಿದು ಮರದ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾರೆ. ಖಣ್ ಎಂದರೆ ಸರಿ, ಭದ್ ಎಂದರೆ ಬಿರುಕು. ಬಿರುಕಿನ ಕಲ್ಲನ್ನು ಮಾತ್ರ ನಮ್ಮಂಥ ಅಭಿಮಾನಿಗಳೂ ಎಸೆಯಬೇಕು. ಅದು ಒಡೆದು ಹಾರಿದರೆ ಹೊಗಳಲು ಯಾರೂ ಉಳಿಯುವುದಿಲ್ಲ.

ಅಷ್ಟಕ್ಕೇ ಬಿಡುವವರಲ್ಲ. ಲೇತಿನಲ್ಲಿ ಮುಖ ಸವರಿಸಿದ ದಪ್ಪ ವಾಷರ್, ಶಾಫ್ಟಿಗೆ ಬಿಗಿಯಾಗುವ ಲೋಹದ ಬುಷ್ ಮಾಡಿಸುತ್ತಾರೆ. ಕಲ್ಲಿಗಂಟಿದ ಕಾಗದದ ಬಿಲ್ಲೆಯನ್ನು ಕೀಳದೆ ಹಾಗೇ ಬಿಗಿಯುತ್ತಾರೆ. ಒಂದು ಕಲ್ಲನ್ನು ಇನ್ನೊಂದರ ಎದುರು ಕಾಲು ಸುತ್ತು ತಿರುಗಿಸಿ ಹಾಕಿ, ಓಡಿಸಿ, ಮತ್ತೆ ಬಿಚ್ಚಿ, ನಡುಕ ಕನಿಷ್ಠವಾಗುವ ಜಾಗ ಹುಡುಕುತ್ತಾರೆ. ಕೊನೆಗೆ ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಏರಿಸಿ, ವಜ್ರದ ಡ್ರೆಸ್ಸರಿನಿಂದ ಕಲ್ಲಿನ ಉಬ್ಬುಗಳನ್ನು ಹೆರೆದು ಗುಂಡಗೆ ಮಾಡುತ್ತಾರೆ. ಇಷ್ಟಾದ ಮೇಲೆ ಓಡುವ ಗ್ರೈಂಡರಿನ ನೆತ್ತಿಯ ಮೇಲೆ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿದರೆ ನಿಂತೇ ಇರುತ್ತದೆ. ನೋಡಲು ಸಂಕಟವಾಗುತ್ತದೆ.

ಇವರಿಗೆ ಹೋಲಿಸಿದರೆ ಕಾಲಿನಡಿ ರಬ್ಬರ್ ತುಂಡು ಹಾಸಿ ಸುಮ್ಮನಾಗುವವರು ಎಷ್ಟೋ ಸಜ್ಜನರು. ಜ್ವರ ಬಂದವನಿಗೆ ಹಾಸಿಗೆ ಬದಲಿಸಿದ ಹಾಗೆ, ಕಾಯಿಲೆಯ ಗೌರವಕ್ಕೆ ಕುಂದು ತರುವುದಿಲ್ಲ.

ಹೊಸದಾಗಿ ಕೊಂಡವರಲ್ಲಿ ಒಂದೇ ವಿನಂತಿ. ಎರಡು ಜೊತೆ ವಾಷರಿಗೆ ಲೇತಿನವರು ಕೇಳುವ ಕೂಲಿ ಹೊಸ ಗ್ರೈಂಡರಿನ ಬೆಲೆಗಿಂತ ಎಷ್ಟೋ ಕಡಿಮೆ. ಅಗ್ಗವೆಂಬ ಆಸೆಗೆ ಬಿದ್ದು ಅವರ ಅಂಗಡಿಯ ಮೆಟ್ಟಿಲು ಹತ್ತಬೇಡಿ.