ಹುಲಿ ಬರಲಿಲ್ಲ, ಇಂಬಳ ಬಿಡಲಿಲ್ಲ

ಏನಕ್ಕಾ, ನಿಮ್ಮ ಮಗ ಕುಮಾರ ಪರ್ವತಕ್ಕೆ ಹೊರಟಿದ್ದಾನಂತೆ? ಹುಲಿ-ಗಿಲಿ ಬಂದ್ರೆ ಏನಪ್ಪಾ ಗತಿ ಅಂತ ನೀವು ನಿದ್ದೆಗೆಟ್ಟಿದ್ದೀರಂತೆ. ನಮ್ಮನೆಯವಳು ಹೇಳಿದ್ಲು. ಹುಲಿ ಯೋಚನೆ ಬಿಡಿ. ಸ್ಪೀಕರಿನಲ್ಲಿ ಹಾಡು ಹಾಕ್ಕೊಂಡು ಕಿರುಚಾಡ್ತಾ ಬರೋ ನಮ್ಮ ಹುಡುಗರ ಸದ್ದಿಗೆ ಅದೇ ಇನ್ನೊಂದು ಗುಡ್ಡ ದಾಟಿರುತ್ತೆ. ಬಂದವರನ್ನೆಲ್ಲ ಬಡವ ಬಲ್ಲಿದ ಅನ್ನದೆ ವಿಚಾರಿಸಿಕೊಳ್ಳೋದು ಇಂಬಳ.

ಕುಕ್ಕೆ ಕಡೆಯಿಂದ ಹತ್ತುವಾಗ ಮೊದಲು ಸಿಗೋದು ದಟ್ಟ ಕಾಡು. ಮಳೆ ಬಿಟ್ಟ ಹೊಸದರಲ್ಲಿ ತರಗೆಲೆ ಮೇಲೆಲ್ಲ ಇವುಗಳದೇ ದರ್ಬಾರು. ಹೊಲಿಗೆ ದಾರದಷ್ಟು ಸಪೂರ. ಹಿಂದಿನ ತುದಿ ಎಲೆಗೆ ಊರಿ, ನೆಟ್ಟಗೆ ಎದ್ದು ನಿಂತು ಅತ್ತ ಇತ್ತ ತೂಗಾಡುತ್ತೆ. ನಮ್ಮ ಮೈಬಿಸಿ, ಹೆಜ್ಜೆಯ ಅದುರು ಎರಡೂ ಅದಕ್ಕೆ ತಿಳಿಯುತ್ತೆ. ಗೇಣು ಹಾಕ್ತಾ ಬಂದು ಶೂ ಲೇಸಿನ ತೂತಲ್ಲಿ ನುಗ್ಗಿ, ಕಾಲುಚೀಲದ ನೇಯ್ಗೆ ಸಂದಿಯಲ್ಲೂ ತೂರಿಬಿಡುತ್ತೆ. ಕಚ್ಚಿದ್ದೇ ಗೊತ್ತಾಗಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡೋ ರಸ ಬಿಟ್ಟಿರುತ್ತೆ, ಹಾಗಾಗಿ ಅದು ಹೊಟ್ಟೆ ತುಂಬಿ ಉದುರಿದ ಮೇಲೂ ನಮ್ಮ ಕಾಲು ಸೋರ್ತಾನೇ ಇರುತ್ತೆ. ವೈದ್ಯರು ಬಳಸೋ ಜಿಗಣೆಯಲ್ಲಿರೋ ಇಂಥದೇ ರಸಕ್ಕೆ ಹಿರುಡಿನ್ ಅಂತಾರೆ. ಅದರ ಮಾದರಿಯಲ್ಲೇ ರಕ್ತ ತೆಳುವಾಗಿಸೋ ಔಷಧಿನೂ ಮಾಡಿದ್ದಾರೆ. ನಾವು ಹೋದಾಗ ನಮ್ಮ ಜೊತೆ ಒಬ್ಬ ಮಹಾಶೂರ ಬಂದಿದ್ದ. ಹುಲಿಗೆ ಅಂತ ಮೊಳದುದ್ದದ ಚಾಕು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ. ಬಿಳಿ ಕಾಲುಚೀಲದ ಮೇಲೆ ಕೆಂಪು ಕಲೆ ನೋಡಿದ್ದೇ ತಡ, ದಾರಿ ಮಧ್ಯೆ ಕೂತವನು "ನೀರು, ನೀರು" ಅಂದ.

ಅದು ಹತ್ತೋ ದಾರಿಯಲ್ಲಿ ಸಿಗೋ ಗಿರಿಗದ್ದೆಯಲ್ಲಿ ಟೆಂಟು ಹಾಕೋಕೆ ಇನ್ನೂ ಬಿಡ್ತಿದ್ದ ಕಾಲ. ಮಧ್ಯರಾತ್ರಿ ಹತ್ತಿರದಲ್ಲೇ ನಾಯಿ ಬೊಗಳಿದ ಸದ್ದು. ಬಿಟ್ಟು ಬಿಟ್ಟು, ಒಂದೊಂದೇ ಸಲ. ಇಲ್ಲಿಗೆ ನಾಯಿ ಯಾರಪ್ಪಾ ತಂದ್ರು ಅಂತ ಹುಡುಗರು ಗೊಣಗಿದ್ರು. ಜೊತೆಗಿದ್ದ ಊರಿನವರು ಹೊದಿಕೆ ಒಳಗಿಂದಲೇ "ನಾಯಿ ಅಲ್ಲ ಮಾರಾಯ್ರೆ, ಕಾಡುಕುರಿ. ಎಂಥದೋ ಕಂಡಿದೆ ಅದಕ್ಕೆ" ಅಂದು ಮಗ್ಗುಲು ಬದಲಿಸಿ ಗೊರಕೆ ಹೊಡೆದರು. ಆ "ಎಂಥದೋ" ನಮಗೆ ಬೆಳಗಿನ ತನಕ ಸಾಕಾಯ್ತು. ಚಾಕುವಿನವನು ಟೆಂಟಿನ ಜಿಪ್ಪನ್ನು ಎಷ್ಟು ಸಲ ಎಳೆದು ನೋಡಿದನೋ ದೇವರೇ ಬಲ್ಲ. ಬಟ್ಟೆ ಗೋಡೆಗೆ ಜಿಪ್ಪು ಹಾಕಿದ್ರೆಷ್ಟು, ಬಿಟ್ಟರೆಷ್ಟು!

ಬೆಳಗಾದ ಮೇಲೆ ಕಂಡಿದ್ದು ಆನೆಯ ಲದ್ದಿ. ನಿನ್ನೆಯದೋ ಮೊನ್ನೆಯದೋ. ತುಂಬ ನಾರು. ತಿಂದದ್ದರಲ್ಲಿ ಅರ್ಧ ಕೂಡ ಆನೆಗೆ ಜೀರ್ಣ ಆಗಲ್ಲ ನೋಡಿ, ಅದಕ್ಕೇ ನುಂಗಿದ ಬೀಜಗಳು ಎಷ್ಟೋ ದೂರ ಹೋಗಿ ಮೊಳೆಯೋದು. ನಾನು ಬಗ್ಗಿ ನೋಡ್ತಾ ಇದ್ದರೆ, ಹಿಂದೆ ಒಬ್ಬ ಸೆಲ್ಫಿ ತೆಗೀತಿದ್ದ. ಲದ್ದಿ ಜೊತೆ! ಊರಿಗೆ ಬರೋಷ್ಟರಲ್ಲಿ ಅದು "ಆನೆ ಎದುರಿಗೇ ಬಂದಿತ್ತು" ಅಂತಾಗಿತ್ತು. ತುದಿ ಹತ್ತಿದ್ದು, 1712 ಮೀಟರು, ಮೋಡದಲ್ಲಿ ಏನೂ ಕಾಣದೆ ಇಳಿದದ್ದು, ಅದನ್ನು ಯಾರೂ ಹೇಳಲೇ ಇಲ್ಲ.

ಈಗ ಪರಿಸ್ಥಿತಿ ಬೇರೆ. 2024ರ ಜನವರಿ ರಜೆಯಲ್ಲಿ ಜಾತ್ರೆಗಿಂತ ಹೆಚ್ಚಾಗಿ ಜನ ನುಗ್ಗಿದ ವಿಡಿಯೊ ನೀವೂ ನೋಡಿರ್ತೀರಿ. ಆಮೇಲೆ ಆನ್‌ಲೈನ್ ಬುಕಿಂಗ್ ಬಂತು. ಒಳ್ಳೆಯದೇ ಆಯ್ತು ಬಿಡಿ. ಅಷ್ಟು ಜನ ಎಸೆದ ಪ್ಲಾಸ್ಟಿಕ್ಕು ತಿನ್ನೋ ಕಡವೆಗೆ ಬುಕಿಂಗ್ ಎಲ್ಲಿದೆ?

ನಿಮ್ಮ ಮಗನಿಗೆ ಚಾಕು-ಗೀಕು ಬೇಡ ಅನ್ನಿ. ಉದ್ದ ಕಾಲುಚೀಲ ಹಾಕಿ, ಪ್ಯಾಂಟಿನ ತುದಿ ಅದರೊಳಗೆ ಸೇರಿಸಲಿ. ಇಂಬಳವನ್ನು ರಪ್ಪನೆ ಕೀಳಬಾರದು, ಉಗುರು ಸೇರಿಸಿ ಮೆತ್ತಗೆ ಜಾರಿಸಿದ್ರೆ ಬಿಡುತ್ತೆ. ನಶ್ಯ ಹಾಕಿದ್ರೂ ಬಿಡುತ್ತೆ ಅಂತಾರೆ. ನಮ್ಮ ಮಾವನ ಡಬ್ಬಿ ಮನೇಲಿದೆ, ಬೇಕಾದ್ರೆ ಕಳಿಸ್ತೀನಿ. ಡಬ್ಬಿ ಮಾತ್ರ ವಾಪಸು ಕೊಡ್ಸಿ, ಅವರು ಲೆಕ್ಕ ಇಟ್ಟಿರ್ತಾರೆ.