ಸಾಹೇಬ್ರು ಆನ್‌ಲೈನ್ ಅದಾರ!

ಮೆಸೇಜಿಂಗ್ ಆ್ಯಪ್‌ಗಳಲ್ಲಿ ಹೆಸರಿನ ಪಕ್ಕ ಹೊಳೆಯುವ ಹಸಿರು ಚುಕ್ಕಿಗೆ ಈಚೆಗೆ ಬಿಡುವೇ ಇಲ್ಲ. ಅದನ್ನು ಹಚ್ಚಿ ಆರಿಸುವ ಕೆಲಸ ಎಐ ಏಜೆಂಟ್ ಪಾಲಾಗಿದೆ. ಸೋಲಾಪುರ, ಗುಂತಕಲ್, ಸಿಕಂದರಾಬಾದ್ ಮೂರೂ ದಿಕ್ಕಿನ ಗಾಡಿಗಳು ತಡವಾಗಿದ್ದ ಒಂದು ಮಧ್ಯಾಹ್ನ ವಾಡಿ ಜಂಕ್ಷನ್ನಿನಲ್ಲಿ ಆ ಚುಕ್ಕಿ ಮಾತಿಗೆ ಸಿಕ್ಕಿತು.

ಯಾವ ಊರಿನ ಕಡೆ ಹೊರಟಿರಿ?

ಎಲ್ಲಿಗೂ ಇಲ್ರಿ, ಡ್ಯೂಟಿ ಮ್ಯಾಲೆ ಇದ್ದೀನಿ. ನಮ್ಮ ಸಾಹೇಬ್ರು ಸೇಡಮ್‌ನಾಗ ಊಟ ಮಾಡಿ ಮಕ್ಕೊಂಡಾರ. ಏಜೆಂಟ್ ನನಗ ಸಂಜಿ ಆರರ ತನಕ ಹತ್ಕೊಂಡಿರು ಅಂದದ. ಗ್ರೂಪ್‌ನಾಗ ಮ್ಯಾಲಿನವ್ರು ಏನರ ಹಾಕಿದ್ರ ‘ನೋಟೆಡ್ ಸರ್’ ಅಂತ ಅದೇ ಬರಿತದ.

ಅಷ್ಟು ಸುಲಭವೇ?

ಲಿಂಕ್ಡ್ ಡಿವೈಸ್ ಅಂತ ಅದ ಅಲ್ರಿ, ಕ್ಯೂಆರ್ ಸ್ಕ್ಯಾನ್ ಮಾಡಿದ್ರ ಕಂಪ್ಯೂಟರ್‌ನಾಗೂ ವಾಟ್ಸ್‌ಆ್ಯಪ್ ತೆರೀತದ. ಅಲ್ಲಿ ಮನುಷ್ಯಾನ ಬದ್ಲಿ ಏಜೆಂಟ್ ಕೂಡ್ತದ. ಸರ್ವರ್‌ಗೆ ಗೊತ್ತಾಗೋದು ಆ್ಯಪ್ ತೆರದದೋ ಇಲ್ಲೋ ಅಷ್ಟೇ; ಕಣ್ಣು ತೆರದಾವೋ ಇಲ್ಲೋ ಅದಕ್ಕೇನು ಗೊತ್ತು? ವಾಟ್ಸ್‌ಆ್ಯಪ್‌ನಾಗ ನನಗ ಬಣ್ಣ ಇಲ್ಲ, ‘ಆನ್‌ಲೈನ್’ ಅಂತ ಅಕ್ಷರದಾಗ ಇರ್ತೀನಿ. ಕಂಪನಿಗೆ ಗೊತ್ತಾದ್ರ ನಂಬರೇ ಬಂದ್ ಮಾಡಬಹುದು. ಸ್ಲ್ಯಾಕ್‌ನವ್ರು ಇನ್ನೂ ಶ್ಯಾಣ್ಯಾರು. ಅಲ್ಲಿ ಪ್ರೋಗ್ರಾಮಿಗೆ ‘ಇವ್ರು ಇಲ್ಲ’ ಅನ್ಲಾಕ ಪರವಾನಗಿ ಅದ, ‘ಅದಾರ’ ಅಂತ ಜಬರ್ದಸ್ತಿ ಮಾಡ್ಲಾಕ ಬರಂಗಿಲ್ಲ.

ಇದು ಮೋಸವಲ್ಲವೇ?

ನನಕಿಂತ ಮೊದ್ಲ ಮಸ್ಟರ್ ರೋಲ್ ಇತ್ತಲ್ರಿ! ಉದ್ಯೋಗ ಖಾತ್ರಿ ಕೆಲಸಕ್ಕ 2023ರ ಜನವರಿಯಿಂದ ಎಲ್ಲಾ ಕಡಿ ಆ್ಯಪ್‌ನಾಗೇ ಹಾಜರಿ ಬಂತು, ದಿನಕ್ಕ ಎರಡು ಫೋಟೊ. 2025ರ ಜುಲೈದಾಗ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ ಹೇಳ್ತು: ಫೋಟೊದ್ದೇ ಫೋಟೊ ತಗದು ಹಾಕ್ಲತ್ತಾರ, ಸಂಬಂಧ ಇಲ್ಲದ ಚಿತ್ರ ಏರಿಸ್ಲತ್ತಾರ ಅಂತ. ಅದೆಲ್ಲಾ ಏಜೆಂಟ್ ಮಾಡಿದ್ದೇನ್ರಿ? ಹಿಂಗ್ ಮಾಡೋರಿಗೆ ಏನೂ ತ್ರಾಸಿಲ್ಲ. ಆದ್ರ ಚಿಂಚೋಳಿ ಕಡಿ ಕುಂಚಾವರಂ ಅಡವಿ ಬಾಜೂಕ ಖರೇನ ಮಣ್ಣು ಹೊತ್ತಾಕಿ ಫೋಟೊ ನೆಟ್‌ವರ್ಕ್ ಇಲ್ಲಂತ ಹೋಗಲಿಲ್ಲಂದ್ರ ಕೂಲಿಗೆ ಕತ್ತರಿ. ಅಕಿಗೆ ಯಾವ ಏಜೆಂಟ್ ಅದ ಹೇಳ್ರಿ?

ನಿಮ್ಮ ಸಾಹೇಬರದ್ದು ಬರೀ ಸೋಮಾರಿತನ ಅನ್ನಿ.

ಹಂಗ ಅನ್ಬ್ಯಾಡ್ರಿ. 2024ರ ಸೆಪ್ಟೆಂಬರ್‌ದಾಗ, ಮತ್ತ 2025ರ ಫೆಬ್ರುವರಿದಾಗ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಕೂತಿದ್ದು ಮರ್ತ್ರೇನು? ಬೆಳೆ ಸಮೀಕ್ಷೆಗೊಂದು ಆ್ಯಪ್, ಸರ್ಕಾರಿ ಜಮೀನು ಕಾಯ್ಲಾಕ ಇನ್ನೊಂದು. ಈ ಹೊರೆನೇ ಅವ್ರ ದೊಡ್ಡ ದೂರು. ನಮ್ಮ ಸಾಹೇಬ್ರೂ ಅವ್ರಾಗೊಬ್ರು; ಮುಷ್ಕರ ಮುಗಿಸಿ ಬಂದು ಏಜೆಂಟ್ ಇಟ್ಕೊಂಡ್ರು. ಅಲ್ಲೇ ಎಡವಿದ್ರು ನೋಡ್ರಿ. ರಾತ್ರಿ ಎರಡಕ್ಕೂ ನಿಮಿಷದಾಗ ಉತ್ತರ ಹೋಗ್ಲತ್ತು. ಮ್ಯಾಲಿನವ್ರಿಗೆ ರುಚಿ ಹತ್ತಿ, ಈಗ ಎರಡಕ್ಕೇ ವರದಿ ಕೇಳ್ತಾರ.

ಆ ಮೇಲಿನವರ ಚುಕ್ಕಿ?

ಮುಚ್ಚಿಟ್ಟಾರ್ರಿ. 2022ರಿಂದ ‘ಆನ್‌ಲೈನ್’ ಮುಚ್ಚಿಡ್ಲಾಕ ಅವಕಾಶ ಅದ ಅಲ್ಲ. ದೊಡ್ಡವ್ರು ಮುಚ್ಚಿಟ್ರ ಬಿಜಿ, ಸಣ್ಣವ ಮುಚ್ಚಿಟ್ರ ನೋಟಿಸ್.

ತಾವು ಮುಚ್ಚಿಟ್ಟವರಿಗೆ ಬೇರೆಯವರದ್ದೂ ಕಾಣುವುದಿಲ್ಲವಲ್ಲ?

ಅದಕ್ಕಂತೇ ಪಿಎ ಫೋನ್ ಇರ್ತದಲ್ರಿ!

(ಈ ಉತ್ತರ ಕೊಟ್ಟು ಚುಕ್ಕಿ ಒಂದು ಸುತ್ತು ಹೆಚ್ಚೇ ಹೊಳೆಯಿತು. ಇಲಾಖೆಯ ಒಳಗುಟ್ಟು ಬಲ್ಲವರಿಗೆಲ್ಲ ಇರುವ ಕಾಯಿಲೆ.)

ವ್ಯಾಪಾರಸ್ಥರಿಗಾದರೂ ಅನುಕೂಲವಾಗಿರಬೇಕು.

ಶಹಾಬಾದ್‌ನಾಗ ಒಬ್ಬ ಪರ್ಸಿ ಕಲ್ಲಿನ ಸಾವ್ಕಾರ, ಸೋಲಾಪುರದಾಗ ಅವನ ಗಿರಾಕಿ. ಇಬ್ಬರದೂ ಏಜೆಂಟ್. ರಾತ್ರಿಪೂರಾ ಎರಡೂ ಕಡಿ ‘ಟೈಪಿಂಗ್’. ಒಂದು ಫೂಟಿಗೆ ಒಂದ್ ರೂಪಾಯಿ ಇಳಿಸ್ತು, ಇನ್ನೊಂದು ಎಂಟಾಣೆ ಏರಿಸ್ತು. ಅದು ‘ನಿಮ್ಮ ಕಾಳಜಿ ಅರ್ಥವಾಗುತ್ತದೆ’ ಅಂತು, ಇದು ‘ನಿಮ್ಮ ಸಹಕಾರಕ್ಕೆ ಆಭಾರಿ’ ಅಂತು. ಕೋಳಿ ಕೂಗೋದ್ರಾಗ ರೇಟ್ ಕುದುರ್ತು. ಲಾರಿ ಮಾತ್ರ ಖಣಿ ಬಾಗಿಲಾಗೇ ನಿಂತಿತ್ತು. ಹಮಾಲರಿಗೆ ಫೋನ್ ಹಚ್ಚಬೇಕಂತ ಎರಡರಾಗ ಒಂದಕ್ಕೂ ಹೊಳಿಲಿಲ್ಲ.

ನಿಮ್ಮನ್ನು ನಿಜವಾಗಿ ನಂಬಿದವರು ಯಾರೂ ಇಲ್ಲವೇ?

ಚಿತ್ತಾಪುರದಾಗ ಒಬ್ಬಾಕಿ ಅವ್ವ ಅದಾಳ್ರಿ. ಮಗ ಬೆಂಗಳೂರಾಗ ಕಂಪನಿ ಕೆಲಸ. ಮುಂಜಾನಿ ನಾ ಕಂಡ್ರ ‘ಎದ್ದಾನ’, ರಾತ್ರಿ ಆರಿದ್ರ ‘ಮಕ್ಕೊಂಡ’ ಅಂತ ಅಕಿ ಲೆಕ್ಕ. ಮಗ ಆಫೀಸಿನ ಸಲುವಾಗಿ ಏಜೆಂಟ್ ಹಚ್ಚಿದ. ನಸುಕಿನ ಮೂರಕ್ಕ ನಾ ಹತ್ತಿದ್ದು ನೋಡಿ ಅಕಿ ಫೋನ್ ಹಚ್ಚಿದ್ಳು: ‘ಯಾಕೋ, ಹೊಟ್ಟಿ ನೂಸ್ತದೇನು?’ ಮಗ ಬ್ಯಾಸತ್ತು ಅವ್ವಗ ನಾ ಕಾಣದಂಗ ಮಾಡಿದ. ಈಗ ಆರೇ ಹೋತು ಅಂತ ದಿನಕ್ಕ ನಾಕ್ ಸಲ ಹಚ್ಚತಾಳ.

ಆ ಫೋನನ್ನೂ ಏಜೆಂಟ್‌ಗೆ ಒಪ್ಪಿಸಬಹುದಲ್ಲ?

ಒಪ್ಪಿಸಿದ್ದ. ಅದು ಮಗನ ದನಿಯಾಗೇ ಚೊಲೊತ್ನ್ಯಾಗ ಮಾತಾಡ್ತು, ಊಟಾತೇನವ್ವ ಅಂತೂ ಕೇಳ್ತು. ಅಕಿ ಪೂರಾ ಕೇಳ್ಕೊಂಡು ಒಂದೇ ಮಾತು ಅಂದ್ಳು: ‘ಯಾರ ಮಗ ಇದ್ದೀಯೋ ತಮ್ಮ? ನನ್ನ ಮಗನ ಫೋನ್ ನಿನ್ನ ಕೈಯಾಗ ಯಾಕ ಅದ?’