ಅಕ್ಷತ ದಾಳಿ

ತಂಬ್ರಹಳ್ಳಿಯ ಬಯಲಿನಲ್ಲಿ ಕಾಲೇಜು ತಂಡದ ಕಬಡ್ಡಿಯಾಟವು ಮುಗಿದು ಜನರೆಲ್ಲ ಚದುರಿದ ಮೇಲೆಯೂ, ಸೋಲನ್ನೊಪ್ಪದ ಅಭಿಮಾನಿಯೋರ್ವನು ಮಾಸ್ತರನ್ನು ತಡೆದು ನಿಲ್ಲಿಸಿದನು.

ಅಭಿಮಾನಿ: ನಮ್ಮ ದಾಳಿಗಾರನ ಗಾಂಭೀರ್ಯವನ್ನು ಕಂಡಿರಾ, ಮಾಸ್ತರೇ? ಬಾಕ್ ರೇಖೆಯನ್ನು ಶಾಸ್ತ್ರಕ್ಕೆ ದಾಟಿ, ಎದುರಿನ ಏಳು ಮಂದಿಗೂ ದೂರದಿಂದಲೇ ಕೈಬೀಸಿ, 30 ಸೆಕೆಂಡು ತುಂಬುವುದರೊಳಗಾಗಿ ಅಕ್ಷತನಾಗಿ ಹಿಂದಿರುಗಿದನು!

ಮಾಸ್ತರು: ಅಂಕ?

ಅಭಿಮಾನಿ: ಅಂಕವೆಂಬುದು ಅಲ್ಪರ ಆಕಾಂಕ್ಷೆ.

ಮಾಸ್ತರು: ಎರಡು ದಾಳಿಗಳು ಬರಿದಾದರೆ, ಮೂರನೆಯದರಲ್ಲಿ ಅಂಕ ತಾರದವನು ಔಟಲ್ಲವೇನಪ್ಪಾ?

ಅಭಿಮಾನಿ: ಅದಕ್ಕೆಂದೇ ಮೂರನೆಯದಕ್ಕೆ ಕಿರಿಯನನ್ನು ಕಳುಹಿಸುವುದು, ತ್ಯಾಗವನ್ನು ಎಳವೆಯಲ್ಲಿಯೇ ಕಲಿಯಬೇಕು!

ಮಾಸ್ತರು: 2019ರ ಜನವರಿಯ ಪ್ರೊ ಕಬಡ್ಡಿ ಅಂತಿಮ ಪಂದ್ಯದಲ್ಲಿ ಬೆಂಗಳೂರು ಬುಲ್ಸಿನ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ಗಳಿಸಿದರಲ್ಲ!

ಅಭಿಮಾನಿ: ಹಾಗೆ ಒಬ್ಬರೇ ಬಾಚಿಕೊಳ್ಳುವುದು ದುರಾಸೆ, ಮಾಸ್ತರೇ, ನಮ್ಮಲ್ಲಿ ಶೂನ್ಯವನ್ನು ಏಳು ಮಂದಿಯೂ ಸಮನಾಗಿ ಹಂಚಿಕೊಳ್ಳುವರು.